ಕಟ್ ಎಲ್ಲಿ ಬಿದ್ದಿದೆ ಅಂತ ಹೇಳುವ ಗೆರೆ: ಐಟಿಕೆ-ಸ್ನ್ಯಾಪ್ ಮತ್ತು 3ಡಿ ಸ್ಲೈಸರ್

ಇದು ಎರಡು ಪುಕ್ಕಟೆ ಸಾಫ್ಟ್‌ವೇರ್‌ಗಳ ವಿಮರ್ಶೆ. ಆದರೆ ಪೂರ್ತಿ ಸಾಫ್ಟ್‌ವೇರ್‌ನದ್ದಲ್ಲ, ಬರೀ ಗೆರೆಗಳದ್ದು. ಸಿಟಿ ಅಥವಾ ಎಂಆರ್‌ಐ ಚಿತ್ರವನ್ನು ಒಂದೊಂದೇ ಕಟ್ (ದೇಹದ ಒಂದು ಪದರದ ಚಿತ್ರ) ಸರಿಸುತ್ತಾ ನೋಡುವಾಗ, ನಾವೀಗ ದೇಹದ ಯಾವ ಜಾಗದಲ್ಲಿದ್ದೇವೆ ಅಂತ ತೋರಿಸೋಕೆ ಪರದೆ ಮೇಲೆ ಗೆರೆ, ಅಕ್ಷರ, ನಂಬರ್ ಇರುತ್ತವಲ್ಲ, ಅವುಗಳದ್ದು. ಈ ಎರಡೂ ಬೇರೆ ಬಹಳ ಕೆಲಸ ಮಾಡುತ್ತವೆ. ಗಡ್ಡೆಗೆ ಬಣ್ಣ ಹಚ್ಚಿ ಗಾತ್ರ ಅಳೆಯುತ್ತವೆ, ಮೂಳೆಯ 3ಡಿ ಮಾಡಿಕೊಡುತ್ತವೆ. ಅದನ್ನು ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ಗೆರೆ ಬಗ್ಗೆ ಮಾತಾಡೋರು ಕಮ್ಮಿ.

ನಾನು ಕಲಬುರಗಿಯಲ್ಲಿ ಸಿಟಿ, ಎಂಆರ್‌ಐ ಟೆಕ್ನಿಷಿಯನ್. ಹಗಲು ಸೇಡಂ ರೋಡ್ ಕಡೆ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಕೆಲಸ. ಸಂಜೆ ಇಮೇಜಿಂಗ್ ಡಿಪ್ಲೊಮಾ ಓದುವವರಿಗೆ ಪಾಠ. ಈ ಎರಡು ಸಾಫ್ಟ್‌ವೇರ್ ಬಳಸೋದು ಪಾಠಕ್ಕೆ ಮಾತ್ರ. ಎರಡನ್ನೂ ಮಾಡಿರೋದು ಸಂಶೋಧನೆಗೆ ಮತ್ತು ಕಲಿಕೆಗೆ. ರೋಗಿಗೆ ರಿಪೋರ್ಟ್ ಬರೆಯೋಕೆ ಅಲ್ಲ. ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಗೆರೆ ಅಂದರೆ ಏನು ಮಹಾ ಅನ್ನಿಸಬಹುದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದಾದರೂ ಸ್ಕ್ಯಾನ್ ಫಿಲಂ ಇರುತ್ತದೆ. ದೊಡ್ಡ ಕವರ್‌ನಲ್ಲಿ ಸುತ್ತಿ ಬೀರು ಮೇಲೆ ಇಟ್ಟಿರುತ್ತಾರೆ. ಅದನ್ನೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಮೊದಲನೇ ಚೌಕದಲ್ಲಿ ಎಕ್ಸ್‌ರೇ ಥರದ ಒಂದು ಚಿತ್ರ ಇರುತ್ತದೆ. ಅದನ್ನು ನಾವು ಸ್ಕೌಟ್ ಅಂತೀವಿ. ಅದರ ಮೇಲೆ ಅಡ್ಡಡ್ಡ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ನಂಬರ್ ಹಾಕಿರುತ್ತದೆ. ಉಳಿದ ಚೌಕಗಳಲ್ಲಿ ಇರುವ ಕಟ್‌ಗಳು ಯಾವ ಯಾವ ಗೆರೆಯದು ಅಂತ ಆ ನಂಬರ್ ಹೇಳುತ್ತದೆ. ಸೊಂಟದ ಎಂಆರ್‌ಐ ಆದರೆ ಗೆರೆಗಳು ಒಂದೇ ಸಮ ಇರಲ್ಲ. ಒಂದೊಂದು ಡಿಸ್ಕ್‌ಗೆ ತಕ್ಕಂತೆ ಬೇರೆ ಬೇರೆ ಓರೆಯಲ್ಲಿ ಬಿದ್ದಿರುತ್ತವೆ. ಕೆಳಗಿನ ಡಿಸ್ಕ್‌ಗೆ ಬಂದಾಗ ಗೆರೆ ಚೆನ್ನಾಗಿಯೇ ವಾಲಿರುತ್ತದೆ.

ರೋಗಿಯ ಕಡೆಯವರು ಬಂದು "ಎಲ್ಲದ್ರಿ ಮೇಡಂ ಗಂಟು?" ಅಂತ ಕೇಳಿದರೆ ನಾನು ಕಟ್ ತೋರಿಸಲ್ಲ. ಕಟ್ ನೋಡಿ ಅವರಿಗೆ ಏನೂ ತಿಳಿಯಲ್ಲ. ಡಾಕ್ಟರ್ ಹೇಳ್ತಾರೆ, ಜಾಗ ಮಾತ್ರ ತೋರಿಸ್ತೀನಿ ಅಂತ ಹೇಳಿ ಸ್ಕೌಟ್ ಮೇಲಿನ ಗೆರೆಗೆ ಬೆರಳಿಡುತ್ತೇನೆ. ಆಗ ತಲೆ ಆಡಿಸುತ್ತಾರೆ. ಜಾಗ ಗೊತ್ತಾಯಿತು ಅಂದರೆ ಅರ್ಧ ಧೈರ್ಯ ಬಂದ ಹಾಗೆ.

ಫಿಲಂ ಮೇಲೆ ಈ ಗೆರೆ ಕದಲಲ್ಲ. ಕಂಪ್ಯೂಟರ್‌ನಲ್ಲಿ ಮೌಸ್ ಚಕ್ರ ತಿರುಗಿಸಿದರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಹತ್ತಾರು ಕಟ್ ಸರಿದು ಹೋಗಿರುತ್ತವೆ. ಲಿವರ್ ಮಧ್ಯದ ಕಟ್‌ಗಳಂತೂ ಒಂದರ ಹಾಗೆ ಇನ್ನೊಂದು. ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಯಲ್ಲಿ ನಿಂತ ಹಾಗೆ ಅದು. ಎತ್ತ ತಿರುಗಿದರೂ ಅದೇ ಕಮಾನು, ಅದೇ ಕಂಬ. ತೆರೆದ ಅಂಗಳ ಇಲ್ಲದ ಮಸೀದಿ ಅದು. ಯಾವ ಸಾಲಿನಲ್ಲಿ ನಿಂತಿದ್ದೀವಿ ಅಂತ ಹೇಳೋಕೆ ಹೊರಗಿನ ಗುರುತು ಒಂದು ಬೇಕೇ ಬೇಕು.

ಈಗ ಮೊದಲನೆಯದು, ಐಟಿಕೆ-ಸ್ನ್ಯಾಪ್. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ನೋಡಿಕೊಳ್ಳುವ ಸಾಫ್ಟ್‌ವೇರ್. ಹಗುರ ಇದೆ. ಚಿತ್ರ ತೆರೆದ ಕೂಡಲೇ ನಾಲ್ಕು ಚೌಕ. ಮೇಲೆ ಎಡಕ್ಕೆ ಆಕ್ಸಿಯಲ್, ಅಂದರೆ ದೇಹವನ್ನು ಅಡ್ಡಕ್ಕೆ ಕೊಯ್ದ ಕಟ್. ಮೇಲೆ ಬಲಕ್ಕೆ ಸ್ಯಾಜಿಟಲ್, ಪಕ್ಕದಿಂದ ನೋಡಿದ್ದು. ಕೆಳಗೆ ಬಲಕ್ಕೆ ಕೊರೋನಲ್, ಎದುರಿನಿಂದ ನೋಡಿದ್ದು. ಉಳಿದ ಒಂದು 3ಡಿಗೆ.

ಮೂರೂ ಕಟ್‌ಗಳ ಮೇಲೆ ನೀಲಿ ಗೆರೆ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ. ಯಾವ ಬಟನ್ನೂ ಒತ್ತದೆ ತಾನಾಗೇ ಇರುತ್ತದೆ. ಆಕ್ಸಿಯಲ್‌ನಲ್ಲಿ ಕಣ್ಣುಗುಡ್ಡೆಯ ಮೇಲೆ ಕ್ಲಿಕ್ ಮಾಡಿ. ಉಳಿದ ಎರಡೂ ಚೌಕ ಅದೇ ಕಣ್ಣಿನ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಮೌಸ್ ಚಕ್ರ ತಿರುಗಿಸಿ ಆಕ್ಸಿಯಲ್ ಮೇಲೆ ಕೆಳಗೆ ಹೋದರೆ ಪಕ್ಕದ ಚೌಕಗಳಲ್ಲಿ ಅಡ್ಡಗೆರೆ ಜೊತೆಜೊತೆಗೇ ಏರುತ್ತದೆ, ಇಳಿಯುತ್ತದೆ. ಮೊದಲ ದಿನ ಬಂದ ಹುಡುಗಿಗೂ ಇದು ಹೇಳಿಕೊಡದೆ ಅರ್ಥ ಆಗುತ್ತದೆ. ನಾನು ಸುಮ್ನೆ ಪಕ್ಕದಲ್ಲಿ ನಿಂತಿರುತ್ತೇನೆ, ಅಷ್ಟೇ.

ಇದರ ಹಿಂದಿನ ಲೆಕ್ಕ ಸರಳ. ಐಟಿಕೆ-ಸ್ನ್ಯಾಪ್‌ನಲ್ಲಿ ಇರೋದು ಒಂದೇ ಬಿಂದು. ಮೂರು ಕಟ್‌ಗಳೂ ಯಾವಾಗಲೂ ಆ ಬಿಂದುವಿನ ಮೂಲಕವೇ ಹಾದುಹೋಗುತ್ತವೆ. ಬಿಂದು ಸರಿದರೆ ಕಟ್ ಸರಿಯುತ್ತದೆ, ಕಟ್ ಸರಿದರೆ ಬಿಂದು. ಎರಡನ್ನೂ ಬೇರೆ ಮಾಡೋಕೆ ಆಗಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ.

ಇನ್ನೂ ಮೂರು ಸಣ್ಣ ವಿಷಯ ನನಗೆ ಇಷ್ಟ. ಪ್ರತಿ ಚೌಕದ ಅಂಚಿನಲ್ಲಿ ಆರ್, ಎಲ್, ಎ, ಪಿ, ಎಸ್, ಐ ಅಂತ ಅಕ್ಷರ ಇರುತ್ತದೆ. ಬಲ, ಎಡ, ಮುಂದೆ, ಹಿಂದೆ, ಮೇಲೆ, ಕೆಳಗೆ. ಇದೂ ತಾನಾಗೇ ಇರುತ್ತದೆ. ರೋಗಿಯ ಬಲಭಾಗ ಪರದೆಯ ಎಡಕ್ಕೆ ಬರೋದು ರೇಡಿಯಾಲಜಿ ಪದ್ಧತಿ, ಹೊಸಬರು ಇಲ್ಲೇ ತಪ್ಪೋದು. "ಎಡಗಡಿದೋ ಬಲಗಡಿದೋ?" ಅಂತ ಕೇಳಿದಾಗ ಅಂಚಿನ ಅಕ್ಷರ ನೋಡಿ ಹೇಳಬೇಕು, ಪರದೆ ನೋಡಿ ಅಲ್ಲ. ಎರಡನೆಯದು, ಚೌಕದ ಪಕ್ಕದಲ್ಲಿ ನಿಂತಿರುವ ಉದ್ದ ಪಟ್ಟಿ ಮತ್ತು ಅದರ ಕೆಳಗೆ ಎಷ್ಟನೇ ಕಟ್, ಒಟ್ಟು ಎಷ್ಟು ಅನ್ನುವ ನಂಬರ್. ಮೂರನೆಯದು, ಜೂಮ್ ಮಾಡಿದಾಗ ಮೂಲೆಯಲ್ಲಿ ಪೂರ್ತಿ ಕಟ್‌ನ ಸಣ್ಣ ಚಿತ್ರ ಬರುತ್ತದೆ. ನೀವು ನೋಡುತ್ತಿರುವ ಭಾಗಕ್ಕೆ ಅದರಲ್ಲಿ ಚೌಕ ಹಾಕಿರುತ್ತದೆ. ಕಿವಿಯ ಒಳಗಿನ ಮೂಳೆ ನೋಡೋಕೆ ಜೂಮ್ ಮಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕೊರತೆನೂ ಇದೆ. ಗೆರೆ ನೋಡಬೇಕಾದ ವಸ್ತುವಿನ ಮೇಲೇ ಹಾದುಹೋಗುತ್ತದೆ. ಶ್ವಾಸಕೋಶದಲ್ಲಿ 4 ಮಿಲಿಮೀಟರ್ ಗಂಟು ಇದೆ ಅಂದುಕೊಳ್ಳಿ. ಅದರ ಮೇಲೆ ಕ್ಲಿಕ್ ಮಾಡಿದರೆ ಎರಡು ಗೆರೆ ಬಂದು ಅದರ ಎದೆಯ ಮೇಲೇ ಕೂರುತ್ತವೆ. ಜಾಗ ತೋರಿಸಿತು, ವಸ್ತು ಮುಚ್ಚಿತು. ಇದಕ್ಕೆ ಪರಿಹಾರ ಕೀಬೋರ್ಡ್‌ನ ಎಕ್ಸ್ ಕೀ. ಒತ್ತಿದರೆ ಗೆರೆ ಮಾಯ, ಮತ್ತೆ ಒತ್ತಿದರೆ ಹಾಜರ್. ಎಡಗೈ ಬೆರಳು ಎಕ್ಸ್ ಮೇಲೇ ಇರಲಿ ಅಂತ ಹುಡುಗರಿಗೆ ಹೇಳುತ್ತೇನೆ.

ಎರಡನೇ ತಕರಾರು ನೀಲಿ ಬಣ್ಣದ್ದು. ಲ್ಯಾಪ್‌ಟಾಪ್ ಪರದೆಯಲ್ಲಿ ಏನೂ ತೊಂದರೆ ಇಲ್ಲ. ನಮ್ಮ ಕ್ಲಾಸ್ ರೂಮಿನ ಪ್ರೊಜೆಕ್ಟರ್‌ಗೆ ವಯಸ್ಸಾಗಿದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂರೋಕೂ ಆಗಲ್ಲ, ಸೆಖೆ. ಕಿಟಕಿ ತೆಗೆದರೆ ಬಿಸಿಲು ನೇರ ಗೋಡೆ ಮೇಲೆ. ಆ ಬೆಳಕಿನಲ್ಲಿ ಕಪ್ಪು ಬೂದು ಚಿತ್ರದ ಮೇಲಿನ ನೀಲಿ ಗೆರೆ ಹಿಂದಿನ ಬೆಂಚಿಗೆ ಕಾಣಲ್ಲ. ಪ್ರಿಫರೆನ್ಸಸ್‌ಗೆ ಹೋಗಿ ಬಣ್ಣ ಹಳದಿ ಮಾಡಿ, ದಪ್ಪ ಸ್ವಲ್ಪ ಜಾಸ್ತಿ ಮಾಡಿದೆ. ಈಗ ಬಾಗಿಲ ಹತ್ತಿರ ಕೂತವರಿಗೂ ಕಾಣುತ್ತದೆ. ಬದಲಾಯಿಸೋಕೆ ಅವಕಾಶ ಕೊಟ್ಟಿದ್ದಾರಲ್ಲ, ಅದಕ್ಕೆ ಅಂಕ ಕೊಡಲೇಬೇಕು.

ದೊಡ್ಡ ಕೊರತೆ ಅಂದರೆ ಗೆರೆಯನ್ನು ಓರೆ ತಿರುಗಿಸೋಕೆ ಆಗಲ್ಲ. ನೆಟ್ಟಗೆ ಅಥವಾ ಅಡ್ಡಕ್ಕೆ, ಅಷ್ಟೇ. ಮೇಲೆ ಹೇಳಿದೆನಲ್ಲ, ಸೊಂಟದ ಡಿಸ್ಕ್‌ಗೆ ಗೆರೆ ವಾಲಬೇಕು ಅಂತ. ಅದನ್ನು ಇಲ್ಲಿ ಕಲಿಸೋಕೆ ಬರಲ್ಲ. ಅದಕ್ಕೆ ಎರಡನೇ ಸಾಫ್ಟ್‌ವೇರ್ ಬೇಕು.

3ಡಿ ಸ್ಲೈಸರ್ ದೊಡ್ಡ ಮನೆತನದ್ದು. 1998ರಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಮತ್ತು ಎಂಐಟಿ ಸೇರಿ ಒಂದು ವಿದ್ಯಾರ್ಥಿ ಪ್ರಬಂಧದ ಕೆಲಸವಾಗಿ ಶುರುವಾದದ್ದು. ಇವತ್ತಿಗೂ ಪುಕ್ಕಟೆ, ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಕಲಿಯೋಕೆ ಬೇಕಾದ ಚಿತ್ರಗಳನ್ನೂ ಜೊತೆಗೇ ಕೊಡುತ್ತಾರೆ. ಸ್ಯಾಂಪಲ್ ಡೇಟಾ ಅಂತ ಒಂದು ಭಾಗ ಇದೆ. ಅಲ್ಲಿ ಎಂಆರ್‌ಹೆಡ್ ಅನ್ನೋದನ್ನು ಒತ್ತಿದರೆ ಒಂದು ತಲೆಯ ಎಂಆರ್‌ಐ ಇಳಿದು ಬರುತ್ತದೆ. ಅದನ್ನೇ ಸೇವ್ ಮಾಡಿ ಐಟಿಕೆ-ಸ್ನ್ಯಾಪ್‌ನಲ್ಲೂ ತೆರೆದೆ, ಹೋಲಿಸಿ ನೋಡೋಕೆ.

ತೆರೆದಾಗ ಮೂರು ಬಣ್ಣದ ಪಟ್ಟಿ ಕಾಣುತ್ತವೆ. ಆಕ್ಸಿಯಲ್‌ಗೆ ಕೆಂಪು, ಸ್ಯಾಜಿಟಲ್‌ಗೆ ಹಳದಿ, ಕೊರೋನಲ್‌ಗೆ ಹಸಿರು. ಪಟ್ಟಿಯಲ್ಲಿ ಒಂದು ಸ್ಲೈಡರ್, ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕ. ಆದರೆ ಚಿತ್ರದ ಮೇಲೆ ಗೆರೆ? ಇಲ್ಲ. ಯಾವ ಗೆರೆನೂ ಇಲ್ಲ. ಮೂರು ಕಟ್ ಮೂರು ಕಡೆ, ಒಂದಕ್ಕೊಂದು ಪರಿಚಯ ಇಲ್ಲದವರ ಹಾಗೆ ಕೂತಿರುತ್ತವೆ. ಹುಡುಗರು ಮೊದಲು ಕೇಳೋದೇ "ಮೇಡಂ, ಗೆರೆ ಎಲ್ಲಿ ಹೋದ್ವುರಿ?" ಅಂತ.

ಗೆರೆ ಇದೆ, ಬಚ್ಚಿಟ್ಟಿದ್ದಾರೆ. ಮೇಲಿನ ಟೂಲ್‌ಬಾರ್‌ನಲ್ಲಿ ಕ್ರಾಸ್‌ಹೇರ್ ಗುರುತಿನ ಬಟನ್ ಒತ್ತಬೇಕು. ಇಲ್ಲಿ ಸ್ಲೈಸರ್ ಮಾಡಿರುವ ಒಂದು ತೀರ್ಮಾನ ಅರ್ಥ ಮಾಡಿಕೊಳ್ಳಬೇಕು. ಅವರು ಬಿಂದು ಬೇರೆ, ಕಟ್ ಬೇರೆ ಅಂತ ಇಟ್ಟಿದ್ದಾರೆ. ಕ್ರಾಸ್‌ಹೇರ್ ಅಂದರೆ ಒಂದು ಬಿಂದುವಿನ ಗುರುತು. ಸ್ಲೈಸ್ ಇಂಟರ್‌ಸೆಕ್ಷನ್ ಅಂದರೆ ಬೇರೆ ಎರಡು ಕಟ್‌ಗಳು ಈ ಕಟ್ಟನ್ನು ಎಲ್ಲಿ ಸೀಳಿಕೊಂಡು ಹೋಗಿವೆ ಅನ್ನುವ ಗೆರೆ. ಎರಡಕ್ಕೂ ಬೇರೆ ಬೇರೆ ಬಟನ್. ಸ್ಲೈಡರ್ ಎಳೆದರೆ ಇಂಟರ್‌ಸೆಕ್ಷನ್ ಗೆರೆ ಸರಿಯುತ್ತದೆ. ಕ್ರಾಸ್‌ಹೇರ್ ಇದ್ದಲ್ಲೇ ಇರುತ್ತದೆ. ಶಿಫ್ಟ್ ಹಿಡಿದು ಮೌಸ್ ಆಡಿಸಿದರೆ ಕ್ರಾಸ್‌ಹೇರ್ ಓಡುತ್ತದೆ, ಉಳಿದ ಕಟ್‌ಗಳು ಅದರ ಹಿಂದೆ ಓಡುತ್ತವೆ.

ಶಿಫ್ಟ್ ತಂತ್ರ ನಿಜಕ್ಕೂ ಚೆಂದ. ಕ್ಲಿಕ್ ಬೇಡ, ಎಳೆಯೋದು ಬೇಡ. ಬೆರಳು ಶಿಫ್ಟ್ ಮೇಲೆ, ಮೌಸ್ ಮೂಗಿನಿಂದ ಹಿಂದಲೆಗೆ ನಿಧಾನ ಸರಿಸಿ. ಕೊರೋನಲ್ ಚೌಕದಲ್ಲಿ ಮುಖ, ಕಣ್ಣು, ಮೆದುಳು, ಕಿರುಮೆದುಳು ಒಂದರ ಹಿಂದೆ ಒಂದು ಹಾದು ಹೋಗುತ್ತವೆ. ಕ್ರಾಸ್‌ಹೇರ್ ಕಾಣದ ಹಾಗೆ ಇಟ್ಟಿದ್ದರೂ ಇದು ಕೆಲಸ ಮಾಡುತ್ತದೆ. ಆದರೆ ಶಿಫ್ಟ್ ಒತ್ತಿ ಅಂತ ಪರದೆ ಮೇಲೆ ಎಲ್ಲೂ ಬರೆದಿಲ್ಲ. ಯಾರಾದರೂ ಹೇಳಿಕೊಡಬೇಕು.

ಕ್ರಾಸ್‌ಹೇರ್‌ನ ಆಕಾರದಲ್ಲಿ ಸ್ಲೈಸರ್‌ನವರು ಯೋಚನೆ ಮಾಡಿದ್ದಾರೆ. ಬೇಸಿಕ್ ಅನ್ನೋ ಆಯ್ಕೆ ತೆಗೆದುಕೊಂಡರೆ ಗೆರೆಗಳು ಮಧ್ಯದಲ್ಲಿ ಸೇರಲ್ಲ. ನಡುವೆ ಸಣ್ಣ ಖಾಲಿ ಜಾಗ ಬಿಟ್ಟಿದ್ದಾರೆ. ಅದೇ 4 ಮಿಲಿಮೀಟರ್ ಗಂಟು ಆ ಖಾಲಿಯಲ್ಲಿ ಇಣುಕುತ್ತದೆ. ಗೆರೆ ಸುತ್ತ ನಿಂತು ತೋರಿಸುತ್ತದೆ, ಮೈಮೇಲೆ ಬೀಳಲ್ಲ. ಸ್ಮಾಲ್ ಬೇಸಿಕ್ ಅಂತ ಇನ್ನೊಂದು ಇದೆ. ಪರದೆಯ ತುದಿವರೆಗೂ ಗೆರೆ ಬೇಡ, ಬಿಂದುವಿನ ಹತ್ತಿರ ಚಿಕ್ಕ ಗುರುತು ಸಾಕು ಅನ್ನುವವರಿಗೆ. ನನಗೆ ಉದ್ದ ಗೆರೆಯೇ ಇಷ್ಟ. ಕಣ್ಣು ಎಲ್ಲಿದ್ದರೂ ಗೆರೆ ಹಿಡಿದು ಬಿಂದುವಿಗೆ ಬರಬಹುದು.

ಇನ್ನು ಓರೆ ಕಟ್. 2022ರ 5.0 ಆವೃತ್ತಿಯಿಂದ ಇಂಟರ್‌ಸೆಕ್ಷನ್ ಗೆರೆಗಳನ್ನೇ ಕೈಯಲ್ಲಿ ಹಿಡಿದು ಸರಿಸಬಹುದು, ತಿರುಗಿಸಬಹುದು. ಗೆರೆಯ ಮೇಲೆ ಹಿಡಿಕೆ ಬರುತ್ತದೆ. ಸ್ಯಾಜಿಟಲ್ ಚೌಕದಲ್ಲಿ ಬೆನ್ನುಮೂಳೆ ಇಟ್ಟುಕೊಂಡು, ಆಕ್ಸಿಯಲ್‌ನ ಕೆಂಪು ಗೆರೆಯನ್ನು ಕೊನೆಯ ಡಿಸ್ಕ್‌ಗೆ ಸಮ ಆಗುವ ತನಕ ವಾಲಿಸಿದರೆ ಆಯಿತು. ಕೆಂಪು ಚೌಕದಲ್ಲಿ ಆ ಡಿಸ್ಕ್‌ನ ಸರಿಯಾದ ಕಟ್ ತಯಾರು. ಎಂಆರ್‌ಐ ಕನ್ಸೋಲ್ ಮುಂದೆ, ಅಂದರೆ ಮಷಿನ್ ನಡೆಸುವ ಕಂಪ್ಯೂಟರ್ ಮುಂದೆ ಕೂತು, ಕಟ್ ಎಲ್ಲಿ ಬೀಳಬೇಕು ಅಂತ ಪ್ಲಾನಿಂಗ್ ಮಾಡುವಾಗ ನಾನು ಮಾಡೋದು ಇದನ್ನೇ. ಗೆರೆ ಸ್ವಲ್ಪ ತಪ್ಪಿದರೆ ಡಿಸ್ಕ್ ಜೊತೆ ಪಕ್ಕದ ಮೂಳೆನೂ ಕಟ್‌ಗೆ ಬರುತ್ತದೆ. ಅದು ಹೇಗೆ ಕಾಣುತ್ತದೆ ಅಂತ ಮಷಿನ್ ಮುಟ್ಟುವ ಮೊದಲೇ ಹುಡುಗರಿಗೆ ಇಲ್ಲಿ ತೋರಿಸಬಹುದು. ಈ ಒಂದು ಕಾರಣಕ್ಕೆ ಸ್ಲೈಸರ್ ಕಲಿಯೋದು ಲಾಭ.

ಬಣ್ಣದ ವಿಷಯಕ್ಕೆ ಬರೋಣ. ಯಾದಗಿರಿ ಕಡೆಯ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿ ಇದ್ದಾನೆ. ಜಾಣ. ಅವನಿಗೆ ಕೆಂಪು, ಹಸಿರು, ಹಳದಿ ಸರಿಯಾಗಿ ಬೇರೆ ಆಗಲ್ಲ. ಹುಟ್ಟಿನಿಂದ ಹಾಗೇ. ಕೆಂಪು ಚೌಕದಲ್ಲಿ ಎರಡು ಗೆರೆ ಇರುತ್ತವೆ, ಸ್ಯಾಜಿಟಲ್‌ದು ಹಳದಿ, ಕೊರೋನಲ್‌ದು ಹಸಿರು. "ಮೇಡಂ, ಎರಡೂ ಒಂದೇ ಕಾಣಸ್ತಾವ್ರಿ" ಅಂದ. ನೆಟ್ಟಗಿರುವಾಗ ಪರವಾಗಿಲ್ಲ, ಉದ್ದ ನಿಂತದ್ದು ಸ್ಯಾಜಿಟಲ್, ಅಡ್ಡ ಮಲಗಿದ್ದು ಕೊರೋನಲ್ ಅಂತ ಗುರುತು ಹಿಡಿಯುತ್ತಾನೆ. ಗೆರೆ ಓರೆ ತಿರುಗಿಸಿದ ಮೇಲೆ ಎರಡೂ ಎಕ್ಸ್ ಆಕಾರದಲ್ಲಿ ಬಿದ್ದರೆ? ಆಗ ಬಣ್ಣ ಬಿಟ್ಟು ಬೇರೆ ಗುರುತೇ ಇಲ್ಲ.

ಗಂಡಸರಲ್ಲಿ ಇಂಥ ಬಣ್ಣದ ತೊಂದರೆ ಅಪರೂಪ ಏನಲ್ಲ. ಹೆಂಗಸರಲ್ಲಿ ಬಹಳ ಕಮ್ಮಿ. ಅದರ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲೆ ಇರೋದರಿಂದ ಹಾಗೆ. ಕೆಂಪು, ಹಳದಿ, ಹಸಿರು ಮೂರನ್ನೇ ಆರಿಸಿಕೊಂಡರೆ ಈ ಜನರಿಗೆ ಕಷ್ಟ ಆಗೇ ಆಗುತ್ತದೆ. ಒಂದನ್ನು ನೀಲಿ ಮಾಡಿದ್ದರೂ ಅರ್ಧ ತೊಂದರೆ ಕಳೆಯುತ್ತಿತ್ತು. ಇಲ್ಲವೇ ಒಂದು ಗೆರೆ ಗಟ್ಟಿ, ಒಂದು ಗೆರೆ ತುಂಡು ತುಂಡು ಮಾಡಬಹುದಿತ್ತು. ಪಟ್ಟಿಯ ಮೇಲೆ ಆರ್, ವೈ, ಜಿ ಅಂತ ಅಕ್ಷರ ಇದೆ, ಗೆರೆಯ ಮೇಲೆ ಇಲ್ಲ. ಅದರಲ್ಲೂ ಒಂದು ಪೇಚು ನೋಡಿ. ಪಟ್ಟಿಯ ಮೇಲಿನ ಆರ್ ಅಂದರೆ ಕೆಂಪು, ನಾವು ಕಲಿಸುವ ಆರ್ ಅಂದರೆ ರೋಗಿಯ ಬಲ. ಹೊಸಬರು ಪಟ್ಟಿ ನೋಡಿ ಬಲಭಾಗ ಅಂದುಕೊಂಡರೆ ಅವರ ತಪ್ಪಲ್ಲ.

ಆ ಹುಡುಗ ತಾನೇ ಒಂದು ದಾರಿ ಕಂಡುಕೊಂಡ. ಗೆರೆ ಯಾವುದು ಅಂತ ಸಂಶಯ ಬಂದರೆ ಪಟ್ಟಿಯ ಸ್ಲೈಡರ್ ಒಂಚೂರು ಆಡಿಸುತ್ತಾನೆ. ಯಾವ ಗೆರೆ ಅಲುಗಿತೋ ಅದೇ ಆ ಪಟ್ಟಿಯದ್ದು. ಈಗ ಬಣ್ಣ ಕಾಣುವವರಿಗೂ ನಾನು ಇದನ್ನೇ ಹೇಳಿಕೊಡುತ್ತೇನೆ. ಅಲುಗಾಟ ಬಣ್ಣಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಓರಿಯೆಂಟೇಶನ್ ಮಾರ್ಕರ್, ಅಂದರೆ ದಿಕ್ಕು ತೋರಿಸುವ ಗುರುತು ಕೂಡ ಸ್ಲೈಸರ್‌ನಲ್ಲಿ ನೀವೇ ಆನ್ ಮಾಡಬೇಕು. ಪಟ್ಟಿಯ ಪಿನ್ ಗುರುತು ಒತ್ತಿದರೆ ಸಿಗುತ್ತದೆ. ಮೂಲೆಯಲ್ಲಿ ಅಕ್ಷರ ಬರೆದ ಘನ, ಅಥವಾ ಮನುಷ್ಯನ ಆಕೃತಿ, ಅಥವಾ ಮೂರು ಅಕ್ಷ. ನಾನು ಮನುಷ್ಯನನ್ನೇ ಇಡುತ್ತೇನೆ. ಕಟ್ ಓರೆ ಆದಾಗ ಆ ಪುಟ್ಟ ಮನುಷ್ಯ ಕೂಡ ವಾಲುತ್ತಾನೆ. ಎಷ್ಟು ವಾಲಿಸಿದ್ದೀವಿ ಅಂತ ಅವನನ್ನು ನೋಡಿದರೆ ಸಾಕು. ಘನ ನೋಡೋಕೆ ಚೆಂದ, ಆದರೆ ಅಕ್ಷರ ಓದಿ ಲೆಕ್ಕ ಹಾಕಬೇಕು.

ಇದೇ ಪಟ್ಟಿಯಲ್ಲಿ ಒಂದು ಕಣ್ಣಿನ ಗುರುತು ಇದೆ. ಒತ್ತಿದರೆ ಆ ಕಟ್ ಪೂರ್ತಿಯಾಗಿ 3ಡಿ ಚೌಕದಲ್ಲಿ ಹಲಗೆ ನಿಲ್ಲಿಸಿದ ಥರ ಬಂದು ನಿಲ್ಲುತ್ತದೆ. ಮೂರೂ ಕಣ್ಣು ತೆರೆದರೆ ಮೂರು ಕಟ್ ಒಂದನ್ನೊಂದು ಸೀಳಿ ನಿಂತಿರೋದು ಕಾಣುತ್ತದೆ. ಪಾಠದಲ್ಲಿ ಎಲ್ಲರೂ "ಓಹ್" ಅನ್ನೋದು ಇಲ್ಲಿ. ಆದರೆ ದಿನದ ಕೆಲಸಕ್ಕೆ ಇದು ಜಾಸ್ತಿ ಆಯಿತು. ಒಂದು ಹಲಗೆ ಇನ್ನೊಂದನ್ನು ಮರೆ ಮಾಡುತ್ತದೆ, ತಿರುಗಿಸಿ ತಿರುಗಿಸಿ ನೋಡಬೇಕು. ಎರಡು ಕಟ್ ಮೇಲಿನ ಎರಡು ಗೆರೆ ಅದೇ ಮಾತನ್ನು ತಟ್ಟನೆ ಹೇಳಿ ಮುಗಿಸುತ್ತವೆ.

ನಂಬರಿನ ಜಗಳ ಬೇರೆಯೇ ಇದೆ. ಡಾಕ್ಟರ್ ಫೋನ್ ಮಾಡಿದರೆ "ಸೀರೀಸ್ 3, ಇಮೇಜ್ 46 ನೋಡಿ" ಅಂತಾರೆ. ಅವರ ಭಾಷೆ ಅದು. ಸೀರೀಸ್ ಅಂದರೆ ಒಂದು ಸಲಕ್ಕೆ ತೆಗೆದ ಕಟ್‌ಗಳ ಗುಂಪು, ಇಮೇಜ್ ಅಂದರೆ ಅದರಲ್ಲಿ ಎಷ್ಟನೇ ಕಟ್ ಅಂತ. ಐಟಿಕೆ-ಸ್ನ್ಯಾಪ್ ಕಟ್‌ನ ನಂಬರ್ ತೋರಿಸುತ್ತದೆ, 1ರಿಂದ ಎಣಿಸುತ್ತದೆ. ಸ್ಲೈಸರ್‌ನ ಪಟ್ಟಿ ಮಿಲಿಮೀಟರ್ ಹೇಳುತ್ತದೆ. ನಂಬರ್ ಬೇಕು ಅಂದರೆ ಎಡಗಡೆ ಕೆಳಗಿನ ಡೇಟಾ ಪ್ರೋಬ್ ನೋಡಬೇಕು. ಮೌಸ್ ಎಲ್ಲಿದೆಯೋ ಆ ಜಾಗದ ಮಿಲಿಮೀಟರ್, ವಾಕ್ಸೆಲ್ (3ಡಿ ಚಿತ್ರದ ಒಂದು ಚುಕ್ಕೆ) ನಂಬರ್, ಆ ಚುಕ್ಕೆ ಎಷ್ಟು ಬೆಳ್ಳಗಿದೆ ಅನ್ನುವ ಅಂಕಿ ಎಲ್ಲ ಅಲ್ಲಿ ಬರುತ್ತದೆ. ಆದರೆ ಇದು 0ಯಿಂದ ಎಣಿಸುತ್ತದೆ. ಒಂದೇ ಜಾಗ, ಎರಡು ಸಾಫ್ಟ್‌ವೇರ್, ಒಂದು ನಂಬರ್ ವ್ಯತ್ಯಾಸ. ಹುಡುಗರು ಇದಕ್ಕೇ ಜಗಳ ಆಡಿದ್ದಾರೆ.

ಎಂಆರ್‌ಹೆಡ್ ಚಿತ್ರದಲ್ಲೇ ಇನ್ನೊಂದು ಪಾಠ ಇದೆ. ಅದರ ಅಳತೆ ಮೂರು ದಿಕ್ಕಿನಲ್ಲಿ 256, 256, 130 ವಾಕ್ಸೆಲ್. ಆ 130 ಕಟ್‌ಗಳನ್ನು ತೆಗೆದಿರೋದು ಪಕ್ಕದಿಂದ, ಅಂದರೆ ಸ್ಯಾಜಿಟಲ್ ಆಗಿ. ಒಂದರಿಂದ ಇನ್ನೊಂದಕ್ಕೆ 1.3 ಮಿಲಿಮೀಟರ್. ಉಳಿದ ಎರಡು ದಿಕ್ಕಿನಲ್ಲಿ 1 ಮಿಲಿಮೀಟರ್. ಹಾಗಾಗಿ ಹಳದಿ ಸ್ಲೈಡರ್ ಒಂದು ಹೆಜ್ಜೆ ಸರಿದರೆ ಪಕ್ಕದ ಚೌಕದಲ್ಲಿ ಗೆರೆ ಒಂಚೂರು ದೊಡ್ಡ ಹೆಜ್ಜೆ ಹಾಕುತ್ತದೆ. ಹೆಜ್ಜೆ ಒಂದು ಅಂದರೆ ದೂರ ಒಂದೇ ಅಲ್ಲ. ಕಟ್ ನಂಬರ್ ಮಾತ್ರ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಇದು ತಿಳಿಯೋದೇ ಇಲ್ಲ. ಮಿಲಿಮೀಟರ್ ಮಾತ್ರ ತೋರಿಸಿದರೆ ಡಾಕ್ಟರ್ ಫೋನಿಗೆ ಉತ್ತರ ಇಲ್ಲ. ಎರಡೂ ಪಕ್ಕಪಕ್ಕ ಬೇಕು.

ಇನ್ನೊಂದು ಗೊಂದಲ ಪ್ಲಸ್ ಮೈನಸ್‌ದು. ಮಷಿನ್‌ನಿಂದ ಬರುವ ಡೈಕಾಮ್ (ಸ್ಕ್ಯಾನ್ ಚಿತ್ರಗಳ ಸಾಮಾನ್ಯ ಫೈಲ್ ಮಾದರಿ) ಫೈಲ್‌ನಲ್ಲಿ ರೋಗಿಯ ಎಡಕ್ಕೆ, ಬೆನ್ನಿಗೆ, ತಲೆಗೆ ಹೋದಂತೆ ನಂಬರ್ ಏರುತ್ತದೆ. ಸ್ಲೈಸರ್ ಬಲಕ್ಕೆ, ಎದೆಗೆ, ತಲೆಗೆ ಏರಿಸುತ್ತದೆ. ಮೊದಲ ಎರಡರ ಚಿಹ್ನೆ ಉಲ್ಟಾ. ಬರೀ ಗೆರೆ ನೋಡುವವರಿಗೆ ಇದು ಬೇಡ, ನಂಬರ್ ಬರೆದುಕೊಂಡು ಇನ್ನೊಂದು ಕಡೆ ಹಾಕುವವರು ಎಚ್ಚರ ಇರಬೇಕು.

ಇವೆರಡರಲ್ಲೂ ನಾನು ಒಪ್ಪದ ವಿಷಯ ಒಂದಿದೆ. ಗೆರೆ ಯಾವಾಗಲೂ ಕೂದಲಿನಷ್ಟು ತೆಳ್ಳಗೆ. ಕಟ್ ಹಾಗಿರಲ್ಲ. ಹೊಟ್ಟೆಯ ಸಿಟಿಯನ್ನು 5 ಮಿಲಿಮೀಟರ್ ದಪ್ಪದಲ್ಲಿ ನೋಡೋದು ಸಾಮಾನ್ಯ. ಆ 5 ಮಿಲಿಮೀಟರ್‌ನಲ್ಲಿ ಇರೋದೆಲ್ಲ ಸೇರಿ ಒಂದು ಚಿತ್ರ ಆಗಿರುತ್ತದೆ. ಗೆರೆ ಮಾತ್ರ ಮಧ್ಯದಲ್ಲಿ ಒಂದು ಎಳೆ. ಗಂಟಿನ ಅಂಚು ಗೆರೆಯಿಂದ ಹೊರಗಿದೆ, ಆದರೂ ಕಟ್‌ನಲ್ಲಿ ಮಸುಕಾಗಿ ಕಾಣುತ್ತದೆ. ಯಾಕೆ ಅಂತ ಹುಡುಗರು ಕೇಳುತ್ತಾರೆ. ನಾನು ಕೆಲಸ ಮಾಡಿದ ಒಂದು ಕನ್ಸೋಲ್‌ನಲ್ಲಿ ಮಧ್ಯದ ಗೆರೆಯ ಎರಡೂ ಕಡೆ ತುಂಡು ಗೆರೆ ಬರುತ್ತಿತ್ತು, ದಪ್ಪದ ಎರಡು ಅಂಚು ತೋರಿಸೋಕೆ. ಎಷ್ಟು ಸುಲಭ ನೋಡಿ. ಹೇಳೋದೇ ಬೇಡ, ಕಂಡೇಬಿಡುತ್ತದೆ.

ಅದೇ ಕನ್ಸೋಲ್‌ಗೆ ಬೇರೆ ರೋಗ ಇತ್ತು. ರೋಗಿ ಮಧ್ಯದಲ್ಲಿ ಎದ್ದು ಬಾತ್‌ರೂಮಿಗೆ ಹೋಗಿ ಬಂದು ಮತ್ತೆ ಮಲಗಿದರೂ ಹಳೇ ಸ್ಕೌಟ್ ಮೇಲೆ ಹೊಸ ಕಟ್‌ನ ಗೆರೆ ಎಳೆಯುತ್ತಿತ್ತು. ಮಲಗುವ ಜಾಗ ಬದಲಾದರೆ ಆ ಗೆರೆಗೆ ಅರ್ಥವೇ ಇಲ್ಲ. ಡೈಕಾಮ್‌ನಲ್ಲಿ ಇದಕ್ಕೆಂದೇ ಫ್ರೇಮ್ ಆಫ್ ರೆಫರೆನ್ಸ್ ಅಂತ ಒಂದು ಗುರುತಿನ ನಂಬರ್ ಇದೆ. ಎರಡು ಸೀರೀಸ್‌ಗಳ ನಂಬರ್ ಒಂದೇ ಆಗಿದ್ದರೆ ಮಾತ್ರ ಗೆರೆ ಎಳೆಯಬೇಕು. ಇಲ್ಲದಿದ್ದರೆ ಸುಮ್ಮನಿರಬೇಕು. ಸುಳ್ಳು ಗೆರೆಗಿಂತ ಗೆರೆ ಇಲ್ಲದ್ದೇ ಮೇಲು.

ಇಷ್ಟೆಲ್ಲ ಯೋಚನೆ ಬಂದಿದ್ದು ಇಂಜಿನಿಯರಿಂಗ್ ಓದುವ ಕೆಲವು ಹುಡುಗರಿಂದ. ಕೊನೆ ವರ್ಷದ ಪ್ರಾಜೆಕ್ಟ್‌ಗೆ ಬ್ರೌಸರ್‌ನಲ್ಲೇ ನಡೆಯುವ ಇಂಥದ್ದೊಂದು ಟೂಲ್ ಮಾಡುತ್ತಿದ್ದಾರೆ. "ಮೇಡಂ, ಒಂದ್ಸಲ ನೋಡಿ ಹೇಳ್ರಿ" ಅಂತ ಲ್ಯಾಪ್‌ಟಾಪ್ ಹಿಡಿದು ಬಂದರು. ಒಂದು ದೊಡ್ಡ ಚೌಕ, ಕೆಳಗೆ 0ಯಿಂದ 100ರವರೆಗೆ ಅಡ್ಡ ಸ್ಲೈಡರ್, ಮೂಲೆಯಲ್ಲಿ ತಿರುಗುವ ಗಾಜಿನ ಘನ. ಘನದೊಳಗೆ ಒಂದು ಬಣ್ಣದ ಹಲಗೆ ಮೇಲೆ ಕೆಳಗೆ ಓಡುತ್ತದೆ. ಬಹಳ ಮುತುವರ್ಜಿಯಿಂದ ಮಾಡಿದ್ದರು.

ಘನ ತೆಗೆಯಿರಿ ಅಂದೆ. ಮುಖ ಸಣ್ಣದಾಯಿತು. ಹಲಗೆ ಮೇಲಿನಿಂದ ಮೂರನೇ ಒಂದು ಭಾಗದಲ್ಲಿದೆ ಅಂತ ಘನ ಹೇಳುತ್ತದೆ, ಸರಿ. ಅಲ್ಲಿ ಏನಿದೆ? ಕಿಡ್ನಿಯೋ ಲಿವರೋ? ಗಾಜಿನ ಘನದೊಳಗೆ ಏನೂ ಇಲ್ಲವಲ್ಲ. ಅದರ ಬದಲು ಅದೇ ರೋಗಿಯ ಕೊರೋನಲ್ ಚಿತ್ರವನ್ನು ಸಣ್ಣದಾಗಿ ಹಾಕಿ, ಅದರ ಮೇಲೆ ಗೆರೆ ಎಳೆಯಿರಿ ಅಂದೆ. ನಮ್ಮ ಫಿಲಂ ಮೇಲಿನ ಸ್ಕೌಟ್ ಇದ್ದ ಹಾಗೆ. ಸ್ಲೈಡರ್ ಅಡ್ಡ ಬೇಡ, ನೆಟ್ಟಗೆ ನಿಲ್ಲಿಸಿ ಅಂದೆ. ಆಕ್ಸಿಯಲ್ ಕಟ್ ತಲೆಯಿಂದ ಕಾಲಿಗೆ ಹೋಗುತ್ತದೆ. ಅಡ್ಡ ಸ್ಲೈಡರ್ ಬಲಕ್ಕೆ ಎಳೆದರೆ ತಲೆಗೆ ಹೋಗುತ್ತೋ ಕಾಲಿಗೋ ಅಂತ ಪ್ರತಿ ಸಲ ನೆನಪಿಟ್ಟುಕೊಳ್ಳಬೇಕು. ನಿಂತ ಸ್ಲೈಡರ್‌ನಲ್ಲಿ ಮೇಲೆ ಅಂದರೆ ತಲೆ, ಮುಗೀತು. ಈ ವಿಷಯದಲ್ಲಿ ಐಟಿಕೆ-ಸ್ನ್ಯಾಪ್‌ನ ನಿಂತ ಪಟ್ಟಿ ಸ್ಲೈಸರ್‌ನ ಮಲಗಿದ ಪಟ್ಟಿಗಿಂತ ಒಳ್ಳೆಯದು ಅಂತ ತೋರಿಸಿದೆ. ಗೆರೆಯನ್ನು ಎಳೆದರೆ ಕಟ್ ಕೂಡ ಸರಿಯಬೇಕು, ಅದನ್ನೂ ಹೇಳಿದೆ. ತೋರಿಸೋಕೆ ಮಾತ್ರ ಇರುವ ಗೆರೆಯನ್ನು ಜನ ಹೇಗೂ ಹಿಡಿದು ಎಳೆದು ನೋಡುತ್ತಾರೆ.

ಅವರಲ್ಲಿ ಒಬ್ಬಳು ಕೇಳಿದಳು, ಗೆರೆ ಯಾವಾಗಲೂ ಇರಬೇಕಾ, ಮೌಸ್ ಆಡಿಸಿದಾಗ ಮಾತ್ರ ಬಂದರೆ ಸಾಲದಾ ಅಂತ. ಒಳ್ಳೆ ಪ್ರಶ್ನೆ. ಕಟ್ ಸರಿಸುವಾಗ ಗೆರೆ ಗಟ್ಟಿಯಾಗಿ ಕಾಣಲಿ, ಕೈ ನಿಂತ ಮೇಲೆ ಮಸುಕಾಗಲಿ, ಆದರೆ ಪೂರ್ತಿ ಮಾಯ ಆಗೋದು ಬೇಡ ಅಂದೆ. ಅಂಚಿನ ಆರ್ ಎಲ್ ಅಕ್ಷರ ಮಾತ್ರ ಯಾವತ್ತೂ ಮಾಯ ಆಗಬಾರದು. ಅದರಲ್ಲಿ ರಾಜಿ ಇಲ್ಲ.

ಕಲಿಯೋಕೆ ಶುರು ಮಾಡುವವರು ಐಟಿಕೆ-ಸ್ನ್ಯಾಪ್ ಹಾಕಿಕೊಳ್ಳಿ. ಗೆರೆ, ಅಕ್ಷರ, ನಂಬರ್ ಮೂರೂ ಕೇಳದೆ ಸಿಗುತ್ತವೆ. ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಬೆನ್ನುಮೂಳೆ, ಮಂಡಿ, ಹೃದಯ ಥರದ ಓರೆ ಕಟ್ ಕಲಿಯಬೇಕಾದವರಿಗೆ ಸ್ಲೈಸರ್ ಬಿಟ್ಟರೆ ಪುಕ್ಕಟೆಯಲ್ಲಿ ಇಷ್ಟು ಚೆನ್ನಾಗಿ ಮಾಡೋದು ನಾನು ಬಳಸಿಲ್ಲ. ಅದಕ್ಕೆ ಮೆಮೊರಿ ಜಾಸ್ತಿ ಇರುವ ಕಂಪ್ಯೂಟರ್ ಬೇಕು. ಜೊತೆಗೆ ಶಿಫ್ಟ್, ಕ್ರಾಸ್‌ಹೇರ್, ಇಂಟರ್‌ಸೆಕ್ಷನ್, ಮಾರ್ಕರ್ ಎಲ್ಲಿವೆ ಅಂತ ಪಕ್ಕದಲ್ಲಿ ಕೂತು ತೋರಿಸುವ ಒಬ್ಬರು ಬೇಕು. ಆನ್ ಮಾಡಿದ ಮೇಲೆ ಮಾತ್ರ ಅದರ ಗೆರೆ ಎಲ್ಲದಕ್ಕಿಂತ ಮೇಲು.

ಮನೆಯಲ್ಲಿ ಪ್ರಯತ್ನ ಮಾಡುವವರಿಗೆ ಸ್ಯಾಂಪಲ್ ಡೇಟಾ ಸಾಕು. ತಲೆ, ಎದೆ, ಹಲ್ಲಿನ ಸ್ಕ್ಯಾನ್ ಎಲ್ಲ ಅದರಲ್ಲಿದೆ. ಮೊದಲ ಸಲ ಇಳಿಸೋಕೆ ಇಂಟರ್‌ನೆಟ್ ಬೇಕು. ಸೆಂಟರ್‌ನಿಂದ ರೋಗಿಯ ಸಿಡಿ ಮಾತ್ರ ಮನೆಗೆ ತರಬೇಡಿ. ಹೆಸರು, ವಯಸ್ಸು ಎಲ್ಲ ಆ ಫೈಲ್ ಒಳಗೇ ಇರುತ್ತದೆ.